ಮಾಮನ ಎಣಿಕೆಯ ದಿನ

ಮಾಮನ ಬಲಗಣ್ಣಿನಲ್ಲಿ ಸದಾ ನೀರು ತುಂಬಿಕೊಂಡಿರುತ್ತಿತ್ತು. ಮೂವತ್ತೊಂದು ವರ್ಷ ಫೌಂಡ್ರಿಯ ಕ್ರೇನಿನ ಮೇಲೆ ಕೂತು, ಕೆಳಗೆ ಕಾದು ಹರಿಯುವ ಕಬ್ಬಿಣವನ್ನು ನೋಡಿ ನೋಡಿ ಆ ಕಣ್ಣು ಸೋತುಹೋಗಿತ್ತು. ಮಾತಿನ ನಡುವೆ ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಅದನ್ನು ಒತ್ತಿಕೊಳ್ಳುವರು, ಮತ್ತೆ ಮಾತು ಬಿಟ್ಟಲ್ಲಿಂದಲೇ ಮುಂದುವರಿಸುವರು. ಕುತ್ತಿಗೆ ಮುಂದಕ್ಕೆ ಬಾಗಿತ್ತು. ಎಷ್ಟೋ ವರ್ಷ ಕೆಳಗೆ ನೋಡುತ್ತಲೇ ಕೆಲಸ ಮಾಡಿದವರ ಕುತ್ತಿಗೆ ಅದು. ನಮ್ಮ ಪಕ್ಕದಲ್ಲೇ ನೆಲದ ಮೇಲೆ ನಿಂತಿದ್ದರೂ ಎಲ್ಲೋ ಅರವತ್ತು ಅಡಿ ಮೇಲಿನಿಂದ ನಮ್ಮನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಸೋಗಾನೆ ದಾಟಿ ಭದ್ರಾವತಿಯ ಕಡೆ ಹೋಗುವ ಒಳದಾರಿಯಲ್ಲಿ, ನಾಲೆಗೂ ಅಕೇಶಿಯಾ ಪ್ಲಾಂಟೇಶನ್ನಿಗೂ ನಡುವೆ ನಮ್ಮಪ್ಪನ ಮೂರು ಎಕರೆ ಇತ್ತು. ಅದಕ್ಕೆ ಅಂಟಿಕೊಂಡೇ ಅವರದು ಒಂದೂಕಾಲು ಎಕರೆ. ಅಪ್ಪ ಅವರನ್ನು ಭಾವ ಅನ್ನುತ್ತಿದ್ದರು, ಹಾಗಾಗಿ ನನಗೆ ಮಾಮ. ಅವರ ಹೆಂಡತಿ ಅತ್ತೆ. ಅತ್ತೆ ಭದ್ರಾವತಿಯ ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಸುತ್ತಲಿನ ನಾಲ್ಕು ಬೀದಿಗೆ ರವಿಕೆ ಹೊಲಿಯುತ್ತಿದ್ದರು. ಮಾಮ ರಿಟೈರಾದ ಮೇಲೆ ದಿನಾ ಬೆಳಗ್ಗೆ ಮೊಪೆಡ್ ಹತ್ತಿ ಜಮೀನಿಗೆ ಬರುವುದನ್ನು ಅತ್ತೆ ಯಾವತ್ತೂ ತಡೆಯಲಿಲ್ಲ. "ಮನೇಲಿದ್ರೆ ಫ್ಯಾನಿನ ರೆಕ್ಕೆ ಎಣಿಸ್ತಾ ಕೂರ್ತಾರೆ ಕಣೇ, ಅಲ್ಲಾದ್ರೆ ಹಕ್ಕಿ ಎಣಿಸ್ಲಿ" ಅನ್ನುತ್ತಿದ್ದರು.

ಅತ್ತೆ ತಮಾಷೆಗೆ ಹೇಳಿದ್ದೇ ನಿಜವಾಗಿತ್ತು. ಮಾಮ ಆ ಒಂದೂಕಾಲು ಎಕರೆಯಲ್ಲಿ ಒಂದಿಷ್ಟು ಹುರುಳಿ, ಒಂದಿಷ್ಟು ಅವರೆ ಬಿತ್ತಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಹೊಂಗೆ ಮರಕ್ಕೆ ಒರಗಿಸಿ ಗುಜರಿಯ ಕಬ್ಬಿಣದ ಪೈಪಿನಲ್ಲಿ ಒಂದು ಅಟ್ಟಣೆ ಕಟ್ಟಿಕೊಂಡಿದ್ದರು. ಅದರ ಮೇಲೆ ಅಲುಗಾಡದೆ ಎರಡು ತಾಸು ಕೂರುವುದು ಅವರಿಗೆ ಏನೂ ಅಲ್ಲ. ಒಂದು ನೋಟ್‌ಬುಕ್ಕಿತ್ತು. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. ಎರಡನ್ನೂ ಬೆರೆಸಲು ಬಿಡುತ್ತಿರಲಿಲ್ಲ. ಒಂದು ಸಲ ನಾನು ಸ್ಕೂಟರ್ ನಿಲ್ಲಿಸಿ ಏದುಸಿರು ಬಿಡುತ್ತ "ಮಾಮ, ನಾಲೆ ಏರಿ ಮೇಲೆ ಚಿರತೆ ನೋಡ್ದೆ" ಎಂದೆ. ಬಾಲ ಎಷ್ಟುದ್ದ ಇತ್ತು, ಕಿವಿ ನಿಂತಿತ್ತೋ ಮಲಗಿತ್ತೋ, ನಿನ್ನನ್ನು ನೋಡಿ ಏನು ಮಾಡ್ತು ಎಂದು ಒಂದೊಂದಾಗಿ ಕೇಳಿದರು. ಹೇಳುತ್ತ ಹೇಳುತ್ತ ನನ್ನ ಚಿರತೆ ಕಂದು ಬಣ್ಣದ ನಾಯಿಯಾಯಿತು. ಅವರು ನಗಲಿಲ್ಲ. "ನಾಯೀನೂ ಪ್ರಾಣೀನೇ ಅಲ್ವಾ, ಬರ್ಕೊಳ್ಳೋಣ" ಎಂದು ಎಡಗಡೆ ಬರೆದರು.

ನಾನು ಶಿವಮೊಗ್ಗದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು, ಮನೆ ವಿನೋಬನಗರದಲ್ಲಿ. ಅಪ್ಪ ತೀರಿಕೊಂಡ ಮೇಲೆ ಜಮೀನು ನನ್ನ ಪಾಲಿಗೆ ಬಂತು. ಅದೇ ಹೊತ್ತಿಗೆ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾಗಿ, ನಮ್ಮ ಕಡೆ ದಲ್ಲಾಳಿಗಳ ಓಡಾಟ ಹೆಚ್ಚಿತು. ಮನೆಯಲ್ಲಿ ನನ್ನ ಗಂಡ, "ಮಾರಿಬಿಡು ಮಾರಾಯ್ತಿ, ನಿಂಗ್ಯಾಕೆ ಈ ರಗಳೆ?" ಎಂದರು. ಅದು ನನಗೆ ಚುಚ್ಚಿತು. ಅಪ್ಪ ಐವತ್ತು ವರ್ಷ ಮಾಡಿದ್ದನ್ನು ನಾನು ಒಂದು ವರ್ಷವೂ ಮಾಡಲಾರೆನೇ? "ಒಂದು ಬೆಳೆ ತೆಗೆದು ತೋರಿಸ್ತೀನಿ, ಆಮೇಲೆ ಮಾತಾಡಿ" ಎಂದುಬಿಟ್ಟೆ.

ಪಾಲಿಗೆ ಮಾಡುವವನೊಬ್ಬನನ್ನು ಹುಡುಕಿ ಎರಡು ಎಕರೆಗೆ ಮೆಕ್ಕೆಜೋಳ ಹಾಕಿಸಿದೆ. ಮಳೆ ತಡವಾದ್ದರಿಂದ ಬಿತ್ತನೆಯೂ ತಡ. ಸುತ್ತಮುತ್ತಲಿನವರ ಜೋಳ ಒಣಗಿ ನಿಂತಾಗ ನಮ್ಮದಿನ್ನೂ ಹಾಲುಗಾಳು. ಪ್ಲಾಂಟೇಶನ್ನಿನ ಹಂದಿಗಳಿಗೆ ಅಷ್ಟು ಸಾಕಾಯಿತು. ಒಂದು ಬೆಳಗ್ಗೆ ಹೋಗಿ ನೋಡಿದರೆ ಅರ್ಧ ಎಕರೆ ನೆಲಕ್ಕೆ ಮಲಗಿದೆ, ಯಾರೋ ಟ್ರ್ಯಾಕ್ಟರ್ ಹರಿಸಿದ ಹಾಗೆ. ಕಚ್ಚಿ ಬಿಸಾಡಿದ ತೆನೆಗಳ ನಡುವೆ ನಿಂತು ನಾನು ಅತ್ತುಬಿಟ್ಟೆ. ಅಳುವುದಕ್ಕಿಂತ ಹೆಚ್ಚು ಸಿಟ್ಟು. ಮನೆಗೆ ಹೋಗಿ ಏನು ಹೇಳಲಿ ಎಂಬ ಸಿಟ್ಟು.

ಪಾಲಿನವನು ಹೇಳಿದ: "ಮೇಡಂ, ಆ ಕಡೆಯೋರೆಲ್ಲ ತಂತಿಗೆ ಕರೆಂಟ್ ಬಿಡ್ತಾರೆ. ನಾವೊಬ್ರೇ ಹಂದಿಗೆ ಎಲೆ ಹಾಕಿ ಬಡಿಸ್ತಿರೋದು."

"ಮನುಷ್ಯರು ಮುಟ್ಟಿದ್ರೆ?"

"ರಾತ್ರಿ ಯಾರು ಬರ್ತಾರೆ ಅಲ್ಲಿಗೆ? ಬೆಳಗ್ಗೆ ಆರಕ್ಕೆ ನಾನೇ ಆಫ್ ಮಾಡ್ತೀನಲ್ಲ."

ಸರಿ ಎಂದೆ. ಆ 'ಸರಿ' ನನ್ನದು, ಅದನ್ನು ಅವನ ತಲೆಗೆ ಕಟ್ಟಲಾರೆ. ಅದು ಅಪರಾಧವೆಂದು ನನಗೆ ಗೊತ್ತಿತ್ತು. ಪೇಪರಿನಲ್ಲಿ ಅಂಥ ಸುದ್ದಿ ಓದಿ ಛೆ ಛೆ ಎಂದವಳೇ ನಾನು. ಪಂಪಿನ ಮನೆಯಿಂದ ಎಳೆದ ತಂತಿ ಕಾಡಂಚಿನ ಹುಲ್ಲಿನೊಳಗೆ, ನೆಲದಿಂದ ಒಂದು ಗೇಣು ಮೇಲೆ, ಕಂಡೂ ಕಾಣದ ಹಾಗೆ ಹೋಯಿತು. ಮೂರನೆಯ ದಿನ ಒಂದು ಹಂದಿ ಸತ್ತಿತು. ಯಾರೋ ಹೊತ್ತುಕೊಂಡು ಹೋದರು. ಆರನೆಯ ದಿನ ಒಂದು ನರಿ. ಅದನ್ನು ನಾನು ಕಣ್ಣಾರೆ ನೋಡಿದೆ. ಬಾಯಿ ತಂತಿಯನ್ನು ಕಚ್ಚಿಹಿಡಿದ ಹಾಗೇ ಇತ್ತು. ಪಾಲಿನವನು ಅಲ್ಲೇ ಗುಂಡಿ ತೋಡಿ ಮುಚ್ಚಿದ. ಹಂದಿಗಳು ಬರುವುದು ನಿಂತಿತ್ತು, ಜೋಳ ನಿಂತಿತ್ತು. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಫೀಸಿನಲ್ಲಿ ಫೋನ್ ಅಲುಗಿದರೆ ಎದೆ ಹಾರುತ್ತಿತ್ತು.

ಮಾಮನಿಗೆ ಇದೊಂದೂ ತಿಳಿದಿರಲಿಲ್ಲ. ಅವರ ದಿನದ ಸುತ್ತು ಅಟ್ಟಣೆ ಮತ್ತು ನಾಲೆಯ ಏರಿಗೆ ಮುಗಿಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ, ಕಾರ್ತಿಕದ ಕೊನೆಯ ಭಾನುವಾರ, ಬೆಳಗಿನಿಂದ ಹೊತ್ತು ಮುಳುಗುವ ತನಕ ಎರಡೂ ಜಮೀನಿನ ಸುತ್ತ ನಡೆದು ಎಣಿಸುವುದು ಅವರ ಪದ್ಧತಿ. ಅಪ್ಪ ಇದ್ದಾಗ ಅಪ್ಪ ಜೊತೆಗಿರುತ್ತಿದ್ದರು. ಆ ವರ್ಷ ನನ್ನನ್ನು ಕರೆದರು. "ನನ್ನದು ಒಂದೂವರೆ ಕಣ್ಣು. ನಿನ್ನ ಒಳ್ಳೇ ಕಣ್ಣು ಬೇಕು, ಬಾ."

ಬರುವುದಿಲ್ಲ ಎನ್ನಲಾಗಲಿಲ್ಲ. ಭಾನುವಾರ ಬೆಳಗ್ಗೆ ಐದಕ್ಕೇ ಸ್ವಿಚ್ ಆಫ್ ಮಾಡಿಬಿಡು ಎಂದು ಪಾಲಿನವನಿಗೆ ಎರಡು ಸಲ ಹೇಳಿದ್ದೆ. ಕಾಡಂಚಿನ ಕಡೆ ಮಾಮನನ್ನು ಕರೆದೊಯ್ಯದೆ ಏನಾದರೂ ನೆಪ ಹೇಳಿದರಾಯಿತು ಎಂದುಕೊಂಡಿದ್ದೆ.

ಆರಕ್ಕೆ ಮೊದಲೇ ಹೋಗಿ ಪಂಪಿನ ಮನೆಯ ಕಿಟಕಿಯಿಂದ ಇಣುಕಿದೆ. ಬಾಗಿಲಿಗೆ ಬೀಗ. ಒಳಗೆ ಮೇನ್ ಸ್ವಿಚ್ಚಿನ ಹಿಡಿ ಮೇಲಕ್ಕಿತ್ತು. ಹಾಕಿದವನು ತೆಗೆದೇ ಇರಲಿಲ್ಲ. ಅವನ ಫೋನ್ ಸ್ವಿಚ್ ಆಫ್. ಅವನ ಪಕ್ಕದ ಮನೆಯವರಿಗೆ ಮಾಡಿದರೆ, "ಅವನ ತಾಯಿಗೆ ನಾಲ್ಕು ಗಂಟೆಗೆ ಉಸಿರು ಕಟ್ಟಿದಂಗಾಯ್ತು, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದಾನೆ" ಎಂದರು. ಬೀಗದ ಕೈ ಅವನ ಜೇಬಿನಲ್ಲಿ.

ಪಂಪ್‌ಸೆಟ್ಟಿನ ಕರೆಂಟು ಆ ವಾರ ರಾತ್ರಿ ಒಂದು ಪಾಳಿ, ಬೆಳಗ್ಗೆ ಹನ್ನೊಂದರ ಮೇಲೆ ಇನ್ನೊಂದು ಪಾಳಿ ಬರುತ್ತಿತ್ತು. ರಾತ್ರಿಯದು ಹೋಗಿಯಾಗಿತ್ತು. ಹನ್ನೊಂದರ ತನಕ ತಂತಿ ಬರೀ ತಂತಿ. ಅಷ್ಟರೊಳಗೆ ಅವನು ಬಂದೇ ಬರುತ್ತಾನೆ. ಹೀಗೆ ನನಗೆ ನಾನೇ ಹೇಳಿಕೊಂಡೆ. ಬೀಗ ಒಡೆದರೆ ಸದ್ದಾಗುತ್ತದೆ, ಮಾಮ ಕೇಳುತ್ತಾರೆ. ಮಾಮನ ಮೊಪೆಡ್ ಆಗಲೇ ಏರಿಯ ಮೇಲೆ ಕೇಳಿಸಿತು. ಕೈ ಒರೆಸಿಕೊಂಡು ಅಟ್ಟಣೆಯ ಕಡೆ ನಡೆದೆ.

ಮಂಜು ಇನ್ನೂ ಹುಲ್ಲಿಗೆ ಅಂಟಿಕೊಂಡಿತ್ತು. ಅಟ್ಟಣೆಯ ಮೇಲೆ ಮಾಮ ಎಡಕ್ಕೆ, ನಾನು ಬಲಕ್ಕೆ. ಮೊದಲು ಬದುವಿನ ಮೇಲೆ ಕುಂಡೆಕುಸ್ಕ ಹಕ್ಕಿಗಳು ಕಂಡವು, ನಾಲ್ಕು, ಬಾಲ ಕುಣಿಸುತ್ತ. "ಬಂದ್ವು ನೋಡು" ಎಂದು ಮಾಮ ಪಿಸುಗುಟ್ಟಿದರು. "ಹೋದ ವಾರ ಇರ್ಲಿಲ್ಲ. ಎಲ್ಲಿಂದಲೋ ಬರ್ತಾವೆ, ಹಿಮಾಲಯದ ಆ ಕಡೆಯಿಂದ. ನಮ್ಮ ಬದು ಹೆಂಗೆ ಗೊತ್ತಾಗುತ್ತೆ ಅವಕ್ಕೆ?" ಹುರುಳಿಯೊಳಗಿಂದ ಮೂರು ನವಿಲು ಹೊರಬಂದವು. ಗಂಡಿಗೆ ಬಾಲದ ಗರಿ ಉದುರಿ ಹೋಗಿತ್ತು, ಬೋಳಾಗಿ ನಡೆಯುತ್ತಿತ್ತು. ಮುಂಗುಸಿಯೊಂದು ದಾರಿ ದಾಟಿತು. ವಿದ್ಯುತ್ ಕಂಬದ ಮೇಲೆ ನೀಲಕಂಠ. ನಾನು ಬೆರಳು ತೋರಿಸುತ್ತ ಹೋದೆ, ಅವರು ಬರೆಯುತ್ತ ಹೋದರು. ಮಡಿಲಲ್ಲಿ ಫೋನ್ ಹಿಡಿದು ನಡುನಡುವೆ ಪಾಲಿನವನಿಗೆ ಒತ್ತುತ್ತಿದ್ದೆ.

"ಯಾರಿಗಮ್ಮ ಅಷ್ಟು ಸಲ?"

"ಮನೆಗೆ ಮಾಮ. ತೆಗೀತಿಲ್ಲ."

ಅಷ್ಟರಲ್ಲಿ ಜೋಳದ ಅಂಚಿನಲ್ಲಿ ನರಿ ಕಂಡಿತು. ಒಂದೇ. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಹಿಂದಿರುಗಿ ನೋಡುವುದು. ಮಾಮ ಕಣ್ಣೊತ್ತಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

"ಇವು ಜೋಡಿ ಕಣಮ್ಮ. ಎರಡು ವರ್ಷದಿಂದ ನೋಡ್ತಿದೀನಿ, ಒಂದನ್ನ ಬಿಟ್ಟು ಒಂದು ಇರ್ತಿರ್ಲಿಲ್ಲ. ಐದು ದಿನದಿಂದ ಒಂದೇ ಬರ್ತಿದೆ. ಇನ್ನೊಂದು ಎಲ್ಲೋಯ್ತೋ?"

ಮರಿ ಹಾಕಿರಬಹುದೇನೋ ಎಂದೆ. "ಈ ಕಾಲದಲ್ಲಾ?" ಎಂದರು ಅಷ್ಟೇ. ನಾನು ಬೇರೆ ಕಡೆ ತಿರುಗಿ ಇಲ್ಲದ ಹಕ್ಕಿಯೊಂದನ್ನು ತೋರಿಸಿದೆ.

ಎಂಟೂವರೆಗೆ ಅತ್ತೆ ಕಟ್ಟಿಕೊಟ್ಟಿದ್ದ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಬಿಚ್ಚಿದರು. ಒಂದು ರೊಟ್ಟಿ ಮುಗಿಸಲು ನನಗೆ ಎರಡು ಲೋಟ ನೀರು ಬೇಕಾಯಿತು. ಆಮೇಲೆ ನಾಲೆಯ ಕಡೆ ಹೋದೆವು. ಗದ್ದೆಯಲ್ಲಿ ಬೆಳ್ಳಕ್ಕಿ ಮೂವತ್ತರ ಮೇಲಿದ್ದವು. ಎಣಿಸುತ್ತಿದ್ದ ಹಾಗೇ ಸೋಗಾನೆಗೆ ಇಳಿಯುವ ವಿಮಾನ ತಲೆಯ ಮೇಲೆ ಹೋಗಿ, ಎಲ್ಲವೂ ಒಮ್ಮೆಗೇ ಎದ್ದವು. "ಇನ್ನೊಂದ್ಸಲ ಮೊದ್ಲಿಂದ" ಎಂದರು ಮಾಮ, ಬೇಸರವಿಲ್ಲದೆ. ಏರಿಯ ಕಲ್ಲಿನ ಮೇಲೆ ಉಡವೊಂದು ಬಿಸಿಲು ಕಾಯಿಸುತ್ತಿತ್ತು. ಮಿಂಚುಳ್ಳಿ ಎರಡು. ನೀರಿನಲ್ಲಿ ತಲೆ ಎತ್ತಿ ಮುಳುಗಿದ್ದು ನೀರುನಾಯಿಯೋ ಕೊರಡೋ ಎಂದು ಕಾಲು ಗಂಟೆ ಕಾದೆವು. ಕೊರಡು. ಕಾಯುವ ಆ ಕಾಲು ಗಂಟೆಯಲ್ಲಿ ನಾನು ಹತ್ತು ಸಲ ಗಂಟೆ ನೋಡಿರಬೇಕು.

ಹತ್ತು ದಾಟಿತು. ಪಾಲಿನವನ ಫೋನು ಇನ್ನೂ ಸತ್ತೇ ಇತ್ತು. ಮಾಮ ಟವೆಲ್ ಕೊಡವಿ ಎದ್ದರು.

"ನಡಿ, ಕಾಡಂಚಿನ ಕಡೆ ಹೋಗೋಣ."

"ಬಿಸಿಲು ಜಾಸ್ತಿ ಆಯ್ತು ಮಾಮ. ಮೊದ್ಲು ಸ್ವಲ್ಪ ಟೀ ಕುಡಿಯೋಣ, ಸೋಗಾನೆಗೆ ಹೋಗಿ ಬರೋಣ."

"ಎಣಿಕೆ ಮಧ್ಯ ಟೀ ಏನು ಮಾರಾಯ್ತಿ! ನಿಮ್ಮಪ್ಪ ಒಂದಿನವೂ ಕೇಳಿಲ್ಲ."

"ಆ ಕಡೆ ಹುಲ್ಲು ತುಂಬಾ ಬೆಳೆದಿದೆ. ಹಾವು-ಗೀವು..."

"ಹಾವು ಕಂಡ್ರೆ ಬರ್ಕೊಳ್ಳೋಣ" ಎಂದು ನಡೆದೇಬಿಟ್ಟರು.

ಹನ್ನೊಂದಕ್ಕೆ ಇನ್ನೂ ಅರ್ಧ ಗಂಟೆ ಇದೆ, ಬೇಗ ಸುತ್ತಿಸಿ ವಾಪಸ್ ಕರೆತರೋಣ ಎಂದುಕೊಂಡು ಹಿಂದೆ ಓಡಿದೆ. ಜೋಳದ ಸಾಲು ಮುಗಿಯುವಲ್ಲಿ ಮೆದು ಮಣ್ಣಿನಲ್ಲಿ ಅವರಿಗೆ ಹೆಜ್ಜೆಗಳು ಕಂಡವು. ಬಗ್ಗಿ ಬೆರಳಿನಿಂದ ಅಳೆದರು. "ಇದೇ ನರಿ. ನೋಡಿಲ್ಲಿ, ದಿನಾ ಇಲ್ಲಿಗೇ ಬಂದು ನಿಂತು ಹೋಗಿದೆ. ಹಳೇ ಹೆಜ್ಜೆ ಮೇಲೆ ಹೊಸ ಹೆಜ್ಜೆ. ಇಲ್ಲೇನಿದೆ ಅಂತ ಬರುತ್ತೆ ಇದು?"

ಅಲ್ಲೇನಿದೆ ಎಂದು ನನಗೆ ಗೊತ್ತಿತ್ತು. ಅವರು ಹೆಜ್ಜೆಯ ಜಾಡು ಹಿಡಿದು, ಆ ಬಾಗಿದ ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸಿ, ನರಿಯನ್ನು ಹೂತ ಜಾಗದ ಕಡೆಗೆ ನೇರ ನಡೆಯುತ್ತಿದ್ದರು. ಅದರ ಮುಂದೆಯೇ ಹುಲ್ಲಿನಲ್ಲಿ ತಂತಿ. ಅವರ ಬಲಗಡೆಗೆ, ಆ ಸೋತ ಕಣ್ಣಿನ ಕಡೆಗೆ.

ಆಗ ಆಚೆಯ ಜಮೀನಿನಲ್ಲಿ ಯಾರದೋ ಮೋಟಾರು ತಾನೇ ಸ್ಟಾರ್ಟ್ ಆಯಿತು. ಪೈಪಿನ ಬಾಯಲ್ಲಿ ನೀರು ಬುಸ್ ಎಂದಿತು. ಕರೆಂಟು ಹೊತ್ತಿಗೆ ಮೊದಲೇ ಬಂದಿತ್ತು.

"ಮಾಮಾ ನಿಲ್ಲಿ!"

ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಕೂಗಿಲ್ಲ. ಮಾಮ ನಿಂತರು. ಎತ್ತಿದ ಕಾಲನ್ನು ಮುಂದಕ್ಕೂ ಇಡಲಿಲ್ಲ, ಹಿಂದಕ್ಕೂ ಇಡಲಿಲ್ಲ. ಏನು, ಯಾಕೆ ಎಂದು ತಿರುಗಿ ಕೂಡ ನೋಡಲಿಲ್ಲ. ಒಂಟಿ ಕಾಲಿನ ಮೇಲೆ, ಕೈ ಎರಡೂ ಪಕ್ಕಕ್ಕೆ ಚಾಚಿ ಹಾಗೇ ನಿಂತರು. ತಂತಿಗೂ ಅವರ ಎತ್ತಿದ ಕಾಲಿಗೂ ನಡುವೆ ಒಂದು ಮೊಳವಿತ್ತೋ ಇಲ್ಲವೋ.

"ಹಿಂದಕ್ಕೆ ಇಡಿ. ನೇರ ಹಿಂದಕ್ಕೆ. ಮುಂದೆ ತಂತಿ ಇದೆ ಮಾಮ, ಕರೆಂಟ್ ಇದೆ."

ಅವರು ಕಾಲನ್ನು ಹಿಂದಿಟ್ಟರು. ಇನ್ನೂ ನಾಲ್ಕು ಹೆಜ್ಜೆ ಹಿಂದೆ ಬಂದರು. ಆಮೇಲೆ ಬಗ್ಗಿ, ಹುಲ್ಲಿನ ನಡುವೆ ತಂತಿಯನ್ನು ಹುಡುಕಿ ನೋಡಿದರು. ಅದು ಎಲ್ಲಿಂದ ಬಂದಿದೆ ಎಂದು ಕಣ್ಣಲ್ಲೇ ಹಿಡಿದುಕೊಂಡು ಹೋಗಿ ನಮ್ಮ ಪಂಪಿನ ಮನೆಯ ಹತ್ತಿರ ನೋಟ ನಿಲ್ಲಿಸಿದರು. ನಾನು ನೆಲಕ್ಕೆ ಕೂತುಬಿಟ್ಟಿದ್ದೆ.

"ಎಷ್ಟು ದಿನದಿಂದ?"

"ಹನ್ನೊಂದು."

"ಹಗಲೂ ಇರುತ್ತಾ?"

"ಇಲ್ಲ. ಬೆಳಗ್ಗೆ ಆಫ್ ಮಾಡ್ತಾನೆ. ಇವತ್ತು ಅವನ ತಾಯಿಗೆ ಹುಷಾರಿಲ್ಲ, ಬೀಗ ಹಾಕ್ಕೊಂಡು ಹೋಗಿದಾನೆ. ನಂಗೆ ಬೆಳಗ್ಗೆನೇ ಗೊತ್ತಿತ್ತು ಮಾಮ."

ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಒಂದೇ ಒಂದು ಸಲ ಮುಖ ಬದಲಾಯಿತು. "ಹೋದ ಭಾನುವಾರ ನಿಮ್ಮತ್ತೆ ಬಂದಿದ್ಲು. ಈ ಅಂಚಿನಲ್ಲೇ ಸೊಪ್ಪು ಕಿತ್ಕೊಂಡು ಹೋದ್ಲು" ಎಂದರು. ಆಮೇಲೆ ತುಂಬಾ ಹೊತ್ತು ಟವೆಲ್ಲಿನಿಂದ ಕಣ್ಣೊತ್ತಿಕೊಂಡರು. ಅದು ಬರೀ ಬಲಗಣ್ಣಲ್ಲ ಎಂದು ನನಗೆ ಕಂಡಿತು.

"ನೀನು ಇಲ್ಲೇ ನಿಂತಿರು. ದನ, ಮನುಷ್ಯ, ಯಾವುದೇ ಬಂದ್ರೂ ಕೂಗಿ ನಿಲ್ಸು" ಎಂದು ಹೇಳಿ, ಹೊಲ ಬಳಸಿಕೊಂಡು ಪಂಪಿನ ಮನೆಗೆ ಹೋದರು. ಕಲ್ಲಿನಿಂದ ಬೀಗಕ್ಕೆ ಹೊಡೆಯುವ ಸದ್ದು ಕೇಳಿತು. ಹಿಂದಿರುಗಿ ಬಂದಾಗ ಕಿತ್ತ ಫ್ಯೂಸುಗಳು ಅವರ ಅಂಗಿ ಜೇಬಿನಲ್ಲಿದ್ದವು.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ನೋಟ್‌ಬುಕ್ ತೆಗೆದು ಬದುವಿನ ಮೇಲೆ ಕೂತರು.

"ಏನೇನು ಸತ್ವು, ಹೇಳು."

"ಬೇಡ ಮಾಮ."

"ಇದೂ ಇಲ್ಲಿನ ಲೆಕ್ಕವೇ. ಬರೀದೆ ಬಿಟ್ರೆ ಮುಂದಿನ ವರ್ಷ ನರಿ ಯಾಕೆ ಕಮ್ಮಿ ಆಯ್ತು ಅಂತ ಸುಮ್ನೆ ತಲೆ ಕೆಡಿಸ್ಕೊಳ್ಬೇಕಾಗುತ್ತೆ."

ಹಂದಿ ಒಂದು, ನರಿ ಒಂದು ಎಂದೆ. ಪುಟದ ಕೆಳಗೆ ಅಡ್ಡಗೆರೆ ಎಳೆದು ಬರೆದರು. ನರಿ ಗಂಡೋ ಹೆಣ್ಣೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ನೋಡ್ಬೇಕಿತ್ತು" ಎಂದರು. ಅಷ್ಟೇ. ಆ ಮಾತಿಗಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಪೂರ್ತಿ ಇಬ್ಬರೂ ತಂತಿ ಬಿಚ್ಚಿದೆವು. ಅವರು ಒಂದು ತುದಿ ಹಿಡಿದು ಮೊಣಕೈಗೆ ಸುತ್ತುತ್ತ ಬಂದರು, ನಾನು ಗೂಟ ಕೀಳುತ್ತ ಇನ್ನೊಂದು ತುದಿಯಿಂದ ಬಿಡುತ್ತ ಹೋದೆ. ನಡುವೆ ಮಾತು ಬಂತು. ಚಿಕ್ಕವರಿದ್ದಾಗ ಅವರೂ ಮೊಲಕ್ಕೆ ಉರುಳು ಹಾಕುತ್ತಿದ್ದರಂತೆ. "ನಾನೇನು ದೇವ್ರಲ್ಲ. ಉರುಳಿಗೆ ಬಿದ್ದ ಮೊಲ ಮಗು ಅತ್ತಂಗೆ ಕೂಗುತ್ತೆ, ಅದನ್ನೂ ತಿಂದಿದೀನಿ. ಆದ್ರೆ ಉರುಳು ನಂಗೆ ಗೊತ್ತಿರೋ ಜಾಗದಲ್ಲಿ, ನಂಗೆ ಗೊತ್ತಿರೋ ಪ್ರಾಣಿಗೆ ಹಾಕ್ತಿದ್ದೆ. ಇದು ಹಂಗಲ್ಲ ನೋಡು. ಯಾರು ಬಂದ್ರೂ ಸರಿ ಅನ್ನುತ್ತೆ."

ಸ್ವಲ್ಪ ಧೈರ್ಯ ಬಂದ ಮೇಲೆ ಕೇಳಿದೆ. "ಮಾಮ, ನಾನು ಕೂಗಿದಾಗ ತಿರುಗಿ ಕೂಡ ನೋಡ್ಲಿಲ್ಲ ನೀವು. ಯಾಕೆ ಅಂತ ಕೇಳ್ಲಿಲ್ಲ."

"ಕ್ರೇನಿನ ಕೆಲಸ ಕಲಿಯೋವಾಗ ಮೊದಲ್ನೇ ಪಾಠ ಅದು. ನಡಿ, ಎತ್ತು, ಇಳಿಸು ಅನ್ನೋಕೆ ಒಬ್ಬನೇ ಸಿಗ್ನಲ್ ಕೊಡ್ಬೇಕು. ನಿಲ್ಸು ಅನ್ನೋಕೆ ಮಾತ್ರ ಯಾರು ಬೇಕಾದ್ರೂ ಕೂಗ್ಬಹುದು. ಕಸ ಗುಡಿಸೋಳು ಕೂಗಿದ್ರೂ ನಿಲ್ಲಿಸ್ಬೇಕು. ಮೊದ್ಲು ನಿಲ್ಲೋದು, ಆಮೇಲೆ ಕೇಳೋದು." ತಂತಿಯ ಸುರುಳಿಯನ್ನು ನೆಲಕ್ಕೆ ಹಾಕಿ ಸೊಂಟ ಹಿಡಿದುಕೊಂಡರು. "ನೀನು ಕೂಗಿದ್ಯಲ್ಲ, ಅದು ದೊಡ್ಡದು. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಮುದುಕ ಸತ್ತ ಅನ್ನೋರು."

ನನಗೆ ಮತ್ತೆ ಅಳು ಬಂತು. ಅವರು ನೋಡದ ಹಾಗೆ ಬೇರೆ ಕಡೆ ತಿರುಗಿ, "ಮಂಗಟ್ಟೆ, ಮಂಗಟ್ಟೆ! ಅಲ್ನೋಡು, ಎಷ್ಟು?" ಎಂದರು. ಪ್ಲಾಂಟೇಶನ್ನಿನ ಮೇಲೆ ಎರಡು ದೊಡ್ಡ ಕೊಕ್ಕಿನ ಹಕ್ಕಿಗಳು ಗಾಳಿ ಸೀಳುವ ಸದ್ದು ಮಾಡುತ್ತ ಹೋದವು. ಎರಡು ಎಂದೆ. ಬರೆದರು. ಎಣಿಕೆ ಪೂರ್ತಿ ಮಾಡದೆ ಹೋಗಲು ಅವರು ಒಪ್ಪಲಿಲ್ಲ. ಹೊತ್ತು ಮುಳುಗುವ ಮುಂಚೆ ಮತ್ತೆ ಅಟ್ಟಣೆ ಹತ್ತಿದೆವು. ಗಿಳಿಗಳು ಗುಂಪುಗುಂಪಾಗಿ ಹೋದವು. ಮೊಲವೊಂದು ಬದುವಿನ ಮೇಲೆ ಕಿವಿ ನಿಗುರಿಸಿ ಕೂತು, ಕುಪ್ಪಳಿಸಿ ಮರೆಯಾಯಿತು. ಆ ದಿನ ಕಣ್ಣಿಗೆ ಬಿದ್ದದ್ದು ಮೂವತ್ತೆಂಟು ಬಗೆ. ಕೇಳಿದ್ದು ಬೇರೆ.

ಹಂದಿಗಳು ಮುಂದಿನ ವಾರವೇ ಬಂದವು. ಮಾಮನೇ ಓಡಾಡಿ, ಬ್ಯಾಟರಿಯಿಂದ ನಡೆಯುವ, ಮುಟ್ಟಿದರೆ ಬರೀ ಜುಮ್ಮೆನ್ನಿಸಿ ಓಡಿಸುವ ಸೋಲಾರ್ ಬೇಲಿ ಹಾಕಿಸಿಕೊಟ್ಟರು. ಅದು ಬರುವಷ್ಟರಲ್ಲಿ ಇನ್ನರ್ಧ ಎಕರೆ ಹೋಗಿತ್ತು. ಉಳಿದ ಒಂದು ಎಕರೆ ಕೊಯ್ದೆ. ಮನೆಯಲ್ಲಿ ಯಾರೂ ಅದನ್ನು ಬೆಳೆ ಎನ್ನಲಿಲ್ಲ. ನಾನು ಜಮೀನು ಮಾರಲೂ ಇಲ್ಲ. ಪಾಲಿನವನ ತಾಯಿ ಬದುಕಿಕೊಂಡರು. ಬೀಗ ಯಾರು ಒಡೆದರು ಎಂದು ಅವನು ಕೇಳಿದಾಗ, "ನಾನೇ. ಹೊಸದು ತಂದಿದೀನಿ, ತಗೋ" ಎಂದು ಮಾಮ ಅವನ ಕೈಗಿಟ್ಟು ಹೋದರು.

ಇನ್ನೂ ಎರಡು ಕಾರ್ತಿಕ ನಾವು ಜೊತೆಯಲ್ಲಿ ಎಣಿಸಿದೆವು. ತಂತಿಯ ಮಾತು ಅವರ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಅವರು ಮರೆತರೋ ಎಂದು ಕೆಲವೊಮ್ಮೆ ಅನ್ನಿಸುತ್ತಿತ್ತು. ನನಗೆ ಮಾತ್ರ ಆ ಅಂಚಿಗೆ ಹೋದಾಗಲೆಲ್ಲ, ಒಂಟಿ ಕಾಲಿನಲ್ಲಿ ನಿಂತ ಅವರ ಬೆನ್ನು ಕಾಣುತ್ತಿತ್ತು.

ಆಮೇಲಿನ ಬೇಸಿಗೆಯಲ್ಲಿ ಒಂದು ಬೆಳಗ್ಗೆ ನಾನು ಆಫೀಸಿನಲ್ಲಿದ್ದಾಗ ಅತ್ತೆಯ ಫೋನು ಬಂತು. ಮಾಮ ಮೊಪೆಡ್ ಒರೆಸಿ, ಹೊರಡುವ ಮುಂಚೆ ನೀರು ಕೇಳಿ, ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲವಂತೆ. ಸವಳಂಗ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಒದ್ದಾಡುತ್ತ, ನಾನು ಭದ್ರಾವತಿ ಮುಟ್ಟುವಷ್ಟರಲ್ಲಿ ಮನೆ ತುಂಬ ಜನ. ಫೌಂಡ್ರಿಯ ಹಳೆಯ ಗೆಳೆಯರು ತಮಿಳಿನಲ್ಲಿ, ಕನ್ನಡದಲ್ಲಿ ಅವರ ಮಾತೇ ಆಡುತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಎಲ್ಲರೂ ಹೋದ ಮೇಲೆ ಅತ್ತೆ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳಿದರು. "ಒಂದು ಭಾನುವಾರ, ನೀನು ಮೊದಲ್ನೇ ಸಲ ಎಣಿಕೆಗೆ ಹೋಗಿದ್ದೆ ನೋಡು, ಅವತ್ತು ಏನಾಗಿತ್ತೇ? ಮನೆಗೆ ಬಂದವರು ಊಟ ಮಾಡ್ಲಿಲ್ಲ. ನನ್ನ ಎರಡೂ ಕಾಲು ಹಿಡ್ಕೊಂಡು ನೋಡ್ತಾ ಕೂತಿದ್ರು. ಏನಾಯ್ತು ಅಂದ್ರೆ, ಏನಿಲ್ಲ, ಮುಳ್ಳು ಚುಚ್ಚಿದ್ಯಾ ಅಂತ ನೋಡ್ದೆ ಅಂದ್ರು."

ಮಾಮ ಹೆಂಡತಿಗೂ ಹೇಳಿರಲಿಲ್ಲ.

ನಾನು ಹೇಳಿದೆ. ತಂತಿ, ನರಿ, ಅತ್ತೆ ಸೊಪ್ಪು ಕೀಳಲು ಬಂದ ಭಾನುವಾರ, ಎಲ್ಲ. ಅತ್ತೆ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಇದನ್ನ ಹೊಟ್ಟೇಲಿಟ್ಕೊಂಡು ಇಷ್ಟು ದಿನ ನನ್ನ ಕೈಲಿ ರವಿಕೆ ಹೊಲಿಸ್ಕೊಂಡ್ಯಾ?"

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅಂತ ನಂಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಅವರು ನಿನ್ನ ಮರ್ಯಾದೆ ಉಳಿಸೋಕೆ ಬಾಯಿ ಮುಚ್ಕೊಂಡ್ರು. ನಿಂಗೆ ಆ ಹಂಗಿಲ್ಲ. ಇನ್ನೂ ಕರೆಂಟ್ ಬಿಡ್ತಿದಾರಂತಲ್ಲ ಆ ಕಡೆ, ಅವರಿಗೆ ಹೇಳು ಹೋಗು."

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಒಂದು ವಾರ ತಳ್ಳಿದೆ, ಎರಡು ವಾರ ತಳ್ಳಿದೆ. ಮಳೆ ಬಿದ್ದು, ಬಿತ್ತನೆ ಮುಗಿದು, ತೆನೆ ಹಾಲುಗಟ್ಟುವ ಹೊತ್ತು ಬಂತು. ನಮ್ಮ ಆಚೆಯ ಜಮೀನಿನವನು ತಂತಿ ಎಳೆದಿದ್ದಾನೆ ಎಂದು ಪಾಲಿನವನೇ ಬಂದು ಹೇಳಿದ. ಮರುದಿನ ಬೆಳಗ್ಗೆ ಹಾಲಿನ ಡೈರಿಗೆ ಹೋದೆ. ಹತ್ತು ಹದಿನೈದು ಜನ ಕ್ಯಾನು ಹಿಡಿದು ನಿಂತಿದ್ದರು. ಪಾಲಿನವನಿದ್ದ, ಆಚೆಯ ಜಮೀನಿನವನೂ ಇದ್ದ. ಅವನ ಹೆಸರು ಹಿಡಿದು ಮಾತಾಡಲಿಲ್ಲ, ನನ್ನ ಕಥೆಯನ್ನೇ ಹೇಳಿದೆ. ಹನ್ನೊಂದು ದಿನ ನಾನು ಕರೆಂಟು ಬಿಟ್ಟಿದ್ದೆ, ಅಟ್ಟಣೆಯ ಅಜ್ಜನನ್ನು ಒಂದು ಹೆಜ್ಜೆಯಲ್ಲಿ ಕೊಲ್ಲುತ್ತಿದ್ದೆ ಎಂದೆ. ಎಲ್ಲರಿಗೂ ಮಾಮ ಗೊತ್ತು. ಕ್ಯಾನುಗಳ ಸದ್ದು ನಿಂತಿತು. ಪಾಲಿನವನು ನೆಲ ನೋಡುತ್ತ ನಿಂತ.

ಆಚೆಯ ಜಮೀನಿನವನು ಕೊನೆಗೆ ಬಾಯಿ ಬಿಟ್ಟ. "ಮೇಡಂ, ನಿಮಗೆ ತಿಂಗಳಾದ್ರೆ ಸಂಬಳ ಬರುತ್ತೆ. ಹಂದಿ ತಿಂದ್ರೆ ನಾವೇನು ತಿನ್ನೋದು?"

"ನಿಜ. ಸಂಬಳ ಬರೋಳಾಗಿದ್ರೂ ನಾನೂ ಕರೆಂಟ್ ಬಿಟ್ಟೆ. ನಿಮಗೆ ಬುದ್ಧಿ ಹೇಳೋಕೆ ಬಂದಿಲ್ಲ ನಾನು. ಏನು ಮಾಡ್ದೆ ಅಂತ ಹೇಳೋಕೆ ಬಂದೆ. ನಮ್ಮ ಸೋಲಾರ್ ಬೇಲಿ ಹೆಂಗಿದೆ ಅಂತ ಬಂದು ನೋಡಿ. ಬ್ಯಾಟರಿ ಬೇಕಿದ್ರೆ ಈ ಬೆಳೆಗೆ ನಂದೇ ತಗೊಂಡು ಹೋಗಿ."

ಅವನು ಸೈಕಲ್ ಹತ್ತಿ ಹೋದ. ಮೂರು ದಿನ ಆ ಕಡೆಯಿಂದ ಸುದ್ದಿಯಿಲ್ಲ. ಫೋನ್ ಅಲುಗಿದರೆ ಮತ್ತೆ ಮೊದಲಿನ ಹಾಗೇ ಎದೆ ಹಾರುತ್ತಿತ್ತು. ಶನಿವಾರ ಮಧ್ಯಾಹ್ನ ಬದುವಿನ ಆಚೆಯಿಂದ ಅವನೇ ಕೂಗಿದ.

"ಮೇಡಂ, ಬಿಡುವಿದ್ಯಾ? ಫ್ಯೂಸ್ ಕಿತ್ತಿದೀನಿ. ಈ ತಂತಿ ಸುತ್ತಬೇಕು, ಆ ತುದಿ ಹಿಡಿಯೋಕೆ ಯಾರೂ ಇಲ್ಲ."

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೋದೆ.